ಜನರ ಪರವಾಗಿ ಎದ್ದು ನಿಂತ 27 ವರ್ಷ

ಕ್ಯಾಲಿಫೋರ್ನಿಯಾದ ಕ್ರಿಮಿನಲ್ ನ್ಯಾಯಾಲಯದಲ್ಲಿ ಮೊಕದ್ದಮೆಯ ಹೆಸರು ಕೂಗಿದೊಡನೆ ಸರ್ಕಾರದ ಕಡೆಯ ವಕೀಲರು ಎದ್ದು ನಿಂತು ತಮ್ಮ ಹೆಸರು ಹೇಳಿ, ಅದರ ಬೆನ್ನಿಗೇ 'ಫಾರ್ ದ ಪೀಪಲ್', ಅಂದರೆ 'ಜನರ ಪರವಾಗಿ', ಎಂದು ಸೇರಿಸಬೇಕು. ಶಿವಮೊಗ್ಗದ ಜಿಲ್ಲಾ ನ್ಯಾಯಾಲಯದಲ್ಲಿ ಮೂರು ವರ್ಷ ವಕೀಲಿ ಮಾಡಿ, ಮದುವೆಯಾಗಿ ಈ ದೇಶಕ್ಕೆ ಬಂದಿದ್ದ ನನಗೆ ಆ ಮಾತು ಬಾಯಿಗೆ ಹೊಂದಿಕೊಳ್ಳಲು ಕೆಲವು ವಾರಗಳೇ ಹಿಡಿದವು. ಅಲ್ಲಿ ಮೊಕದ್ದಮೆ ನಡೆಯುವುದು ಕರ್ನಾಟಕ ರಾಜ್ಯದ ಹೆಸರಿನಲ್ಲಿ. ಇಲ್ಲಿ ಕಡತದ ಮೇಲೆ 'ಕ್ಯಾಲಿಫೋರ್ನಿಯಾ ರಾಜ್ಯದ ಜನರು' ಎಂದು ಒಂದು ಕಡೆ, ಒಬ್ಬ ಮನುಷ್ಯನ ಹೆಸರು ಇನ್ನೊಂದು ಕಡೆ ಇರುತ್ತದೆ. 1997ರ ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಸೇರಿದ ವಾರ ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದರು:

"ಅಲ್ಲಿ ನೀನು ಯಾರ ಕಡೆ ವಕೀಲಿ ಮಾಡ್ತೀಯೆ?"

"ಜನರ ಕಡೆ ಅಮ್ಮ."

"ಹಾಗಾದ್ರೆ ಕಟಕಟೇಲಿ ನಿಂತೋನು? ಅವನೂ ಜನರಲ್ಲಿ ಒಬ್ಬನೇ ಅಲ್ಲವೇನೆ?"

ಅಮ್ಮ ಓದಿದ್ದು ಏಳನೆಯ ತರಗತಿಯವರೆಗೆ. ಆ ಪ್ರಶ್ನೆಗೆ ಅಂದು ನಾನು ಏನೋ ಹೇಳಿ ಮಾತು ಬದಲಿಸಿದೆ. ಈಗ ನಿವೃತ್ತಳಾದ ಮೇಲೆ ಈ ಕೆಲಸದ ಬಗೆಗೆ ಬರೆಯಲು ಕುಳಿತಾಗ ಮೊದಲು ನೆನಪಾದದ್ದು ಅದೇ ಪ್ರಶ್ನೆ.

ನಾನು ಕೆಲಸ ಮಾಡಿದ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕ್ಯಾಲಿಫೋರ್ನಿಯಾದ ಮಧ್ಯ ಕಣಿವೆಯಲ್ಲಿದೆ. ಇಲ್ಲಿ ಹೇಳುವ ಸಂಗತಿಗಳಿಗೆ ಸಂಬಂಧಪಟ್ಟವರು ಇನ್ನೂ ಅಲ್ಲಿಯೇ ಬಾಳುತ್ತಿರುವುದರಿಂದ ಅದರ ಹೆಸರನ್ನು ಬರೆಯುವುದಿಲ್ಲ. 99ನೇ ಹೆದ್ದಾರಿಯ ಇಕ್ಕೆಲಗಳಲ್ಲಿ ಬಾದಾಮಿ ತೋಟಗಳು, ದ್ರಾಕ್ಷಿ ತೋಟಗಳು, ಹೈನು ಸಾಕಣೆಯ ದೊಡ್ಡ ಕೊಟ್ಟಿಗೆಗಳು. ಚಳಿಗಾಲದಲ್ಲಿ ನೆಲದಿಂದಲೇ ಏಳುವ 'ಟೂಲಿ ಫಾಗ್' ಎಂಬ ದಟ್ಟ ಮಂಜು. ಈ ರಾಜ್ಯದ 58 ಕೌಂಟಿಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಮುಖ್ಯ ಸರ್ಕಾರಿ ಅಭಿಯೋಜಕರು, ಇರುತ್ತಾರೆ, ಮತ್ತು ಅವರನ್ನು ಆಯಾ ಕೌಂಟಿಯ ಮತದಾರರೇ ಆರಿಸುತ್ತಾರೆ. ನಮ್ಮ ಊರಿನ ಸರ್ಕಾರಿ ಅಭಿಯೋಜಕರನ್ನು ಸರ್ಕಾರ ನೇಮಿಸುವ ಪದ್ಧತಿಯನ್ನು ಕಂಡವರಿಗೆ ಇದು ಹೊಸದು. ಕೊಲೆ ಆರೋಪ ಹೊರಿಸುವ ಅಧಿಕಾರ ಇರುವವರು ರಸ್ತೆ ಬದಿಯಲ್ಲಿ ಫಲಕ ನೆಟ್ಟು ಮತ ಕೇಳುವುದನ್ನು ನಾನು ಕೊನೆಯವರೆಗೂ ಪೂರ್ತಿ ಮನಸ್ಸಿನಿಂದ ಒಪ್ಪಲಾಗಲಿಲ್ಲ. ನಾನು ಚುನಾಯಿತಳಲ್ಲ, ಅವರ ಕೈಕೆಳಗೆ ನಿತ್ಯದ ಮೊಕದ್ದಮೆಗಳನ್ನು ನಡೆಸುವ ಡೆಪ್ಯುಟಿಗಳಲ್ಲಿ ಒಬ್ಬಳು. ನನ್ನ ಸೇವೆಯಲ್ಲಿ ಮೂವರು ಮುಖ್ಯಸ್ಥರು ಬದಲಾದರು, ನನ್ನ ಮೇಜು ಬದಲಾಗಲಿಲ್ಲ.

ಅಲ್ಲಿಗೆ ತಲುಪಿದ ದಾರಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಬೇರೆ ದೇಶದಲ್ಲಿ ವಕೀಲರಾಗಿ ನೋಂದಾಯಿತರಾದವರಿಗೆ ವಕೀಲಿಯ ಅರ್ಹತೆಗಾಗಿ ನಡೆಯುವ ಬಾರ್ ಪರೀಕ್ಷೆಗೆ ಕೂರಲು ಕ್ಯಾಲಿಫೋರ್ನಿಯಾ ಅವಕಾಶ ಕೊಡುತ್ತದೆ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಪ್ರಮಾಣಪತ್ರ ತರಿಸಿಕೊಂಡು ಅರ್ಜಿ ಹಾಕಿದೆ. ಆಗ ಆ ಪರೀಕ್ಷೆ ಮೂರು ದಿನದ್ದು; 2017ರಿಂದ ಅದನ್ನು ಎರಡು ದಿನಕ್ಕೆ ಇಳಿಸಿದ್ದಾರೆ. ಆರು ಪ್ರಬಂಧಗಳು, 200 ಬಹುಆಯ್ಕೆಯ ಪ್ರಶ್ನೆಗಳು, ಮೂರು ಮೂರು ಗಂಟೆಯ ಎರಡು ಪ್ರಾಯೋಗಿಕ ಬರವಣಿಗೆಗಳು. ಮೊದಲ ಸಲ ಅನುತ್ತೀರ್ಣಳಾದೆ. ಎರಡನೆಯ ಸಲ ಪಾಸಾದಾಗ ಮಗಳಿಗೆ ಎಂಟು ತಿಂಗಳು.

ಹೊಸ ಡೆಪ್ಯುಟಿಗೆ ಮೊದಲು ಸಿಗುವುದು ಚಿಕ್ಕ ಅಪರಾಧಗಳು. ಆಗಿನ್ನೂ ಅವು ಮುನಿಸಿಪಲ್ ನ್ಯಾಯಾಲಯದಲ್ಲಿ ನಡೆಯುತ್ತಿದ್ದವು. 1998ರ ನಂತರವಷ್ಟೇ ಆ ನ್ಯಾಯಾಲಯಗಳು ಮೇಲಿನ ಹಂತದ ಸುಪೀರಿಯರ್ ನ್ಯಾಯಾಲಯಗಳೊಂದಿಗೆ ಸೇರಿದವು. ಕುಡಿದು ವಾಹನ ಓಡಿಸಿದ್ದು, ಅಂಗಡಿಯಲ್ಲಿ ಕದ್ದದ್ದು, ಬೇಲಿ ದಾಟಿ ಬಂದದ್ದು, ನೆರೆಯವನನ್ನು ತಳ್ಳಿದ್ದು: ಒಂದೊಂದು ಬೆಳಗ್ಗೆ ನಲವತ್ತು ಐವತ್ತು ಕಡತಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ಪುಟ್ಟ ಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದೆ. ಕಡತ ಒಂದಕ್ಕೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಬಹುಪಾಲು ಮೊಕದ್ದಮೆಗಳು ವಿಚಾರಣೆಗೇ ಹೋಗದೆ ತಪ್ಪೊಪ್ಪಿಗೆಯ ರಾಜಿಯಲ್ಲಿ ಮುಗಿಯುತ್ತವೆ, ಮತ್ತು ಆ ರಾಜಿಯ ಮಾತು ನಡೆಯುವುದು ನ್ಯಾಯಾಧೀಶರ ಮುಂದಲ್ಲ, ಪಡಸಾಲೆಯಲ್ಲಿ, ಬಡ ಆರೋಪಿಗಳಿಗೆ ಸರ್ಕಾರ ಕೊಡುವ ವಕೀಲರಾದ ಪಬ್ಲಿಕ್ ಡಿಫೆಂಡರ್ ಮತ್ತು ನಾನು ಗೋಡೆಗೆ ಒರಗಿ ನಿಂತು ಮಾತಾಡುವಾಗ. ಭಾರತಕ್ಕೆ ಈ ಪದ್ಧತಿ ಬಂದದ್ದು 2006ರಲ್ಲಿ, ಅದೂ ಏಳು ವರ್ಷ ಮೀರದ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಹಾಗಾಗಿ ಶಿವಮೊಗ್ಗದಲ್ಲಿ ನಾನು ಕಲಿತಿದ್ದ ಯಾವುದೂ ಈ ಪಡಸಾಲೆಯಲ್ಲಿ ಕೆಲಸಕ್ಕೆ ಬರಲಿಲ್ಲ.

ಒಂದನ್ನು ಬಿಟ್ಟು. ನಮ್ಮ ಸೀನಿಯರ್ ಆರೋಪಿಗಳ ಪರ ವಾದಿಸುತ್ತಿದ್ದವರು. ನಾನು ಅವರ ಕಚೇರಿಗೆ ಸೇರಿದ ದಿನ ಒಂದು ದೋಷಾರೋಪ ಪಟ್ಟಿಯನ್ನು ಕೈಗಿತ್ತು, "ಓದೋದಕ್ಕೆ ಮುಂಚೆ ಹಾಳೆ ಎಣಿಸಮ್ಮ" ಎಂದರು. ಎಣಿಸಿದೆ. ಮಹಜರಿನ ಒಂದು ಹಾಳೆ ಇರಲಿಲ್ಲ. ಅವರಿಗೆ ಅದು ಮೊದಲೇ ಗೊತ್ತಿತ್ತು, ನನಗೆ ಗೊತ್ತಾಗುತ್ತದೆಯೇ ಎಂದು ನೋಡುತ್ತಿದ್ದರು. ಅಂದಿನಿಂದ ಎಷ್ಟೇ ಆತುರವಿದ್ದರೂ ಹಾಳೆ ಎಣಿಸದೆ ಕಡತ ತೆರೆದವಳಲ್ಲ. ಆ ಅಭ್ಯಾಸ ಎಲ್ಲಿಗೆ ಕರೆದೊಯ್ದಿತೆಂಬುದನ್ನು ಮುಂದೆ ಹೇಳುತ್ತೇನೆ.

ನನ್ನ ಮೊದಲ ಜ್ಯೂರಿ ವಿಚಾರಣೆ ಕುಡಿದು ಕಾರು ಓಡಿಸಿದ ಒಬ್ಬ ಶಾಲಾ ಶಿಕ್ಷಕರದು. ರಕ್ತದಲ್ಲಿ ಮದ್ಯದ ಪ್ರಮಾಣ ಶೇಕಡಾ 0.08 ಇದ್ದರೆ ಅಪರಾಧ, ಅವರದು 0.09 ಎಂದು ಯಂತ್ರ ತೋರಿಸಿತ್ತು. ಇಲ್ಲಿ ತಪ್ಪಿತಸ್ಥ ಎನ್ನುವುದಕ್ಕೂ ಅಲ್ಲ ಎನ್ನುವುದಕ್ಕೂ ಸಾಮಾನ್ಯ ಜನರಿಂದ ಆಯ್ದ ಜ್ಯೂರಿಯ ಹನ್ನೆರಡು ಜನ ಒಮ್ಮತಕ್ಕೆ ಬರಬೇಕು. ಹನ್ನೊಂದು ಜನ ನನ್ನ ಕಡೆ, ಒಬ್ಬರು ಆ ಕಡೆ ಉಳಿದು, ಎರಡು ದಿನದ ಚರ್ಚೆಯ ನಂತರ ವಿಚಾರಣೆ ಅನಿರ್ಣೀತವಾಗಿ ಮುಗಿಯಿತು. ಆ ಒಬ್ಬರು ನಿವೃತ್ತ ಎಂಜಿನಿಯರ್. ಹೊರಗೆ ಪಡಸಾಲೆಯಲ್ಲಿ ನನ್ನನ್ನು ನಿಲ್ಲಿಸಿ, ಅಳೆಯುವ ಯಂತ್ರದ ತಪ್ಪಿನ ಮಿತಿಯ ಬಗ್ಗೆ ನಾನು ಒಂದೇ ಒಂದು ಪ್ರಶ್ನೆ ಕೇಳಿದ್ದರೂ ತಾನು ಒಪ್ಪುತ್ತಿದ್ದೆ, ನೀವು ಕೇಳಲಿಲ್ಲ ಎಂದು ಮೆಲ್ಲಗೆ ಹೇಳಿದರು. ಒಬ್ಬ ನ್ಯಾಯಾಧೀಶರನ್ನು ಒಪ್ಪಿಸುವುದಕ್ಕೂ ತರಕಾರಿ ಮಾರುವವರು, ನರ್ಸುಗಳು, ಲಾರಿ ಓಡಿಸುವವರು ಕೂಡಿದ ಹನ್ನೆರಡು ಜನರನ್ನು ಒಪ್ಪಿಸುವುದಕ್ಕೂ ಇರುವ ಅಂತರ ನನಗೆ ಅಂದು ಅರ್ಥವಾಯಿತು. ಭಾರತದಲ್ಲಿ ಜ್ಯೂರಿ ಪದ್ಧತಿ ನಾನು ವಕೀಲಳಾಗುವ ಎಷ್ಟೋ ಮೊದಲೇ ಹೋಗಿಬಿಟ್ಟಿತ್ತು. ಇಲ್ಲಿ ಅದರ ಮುಂದೆ ಪ್ರತಿಯೊಂದು ಸಲ ಮಾತಾಡುವಾಗಲೂ ನನ್ನ ಉಚ್ಚಾರಣೆಯನ್ನು ಅವರು ಹೇಗೆ ಕೇಳುತ್ತಿದ್ದಾರೋ ಎಂಬ ಆತಂಕ ಹಲವು ವರ್ಷ ಹೋಗಲಿಲ್ಲ.

2000ದಲ್ಲಿ ದೊಡ್ಡ ಅಪರಾಧಗಳ ವಿಭಾಗಕ್ಕೆ ಹೋದೆ. ಬಂಧಿತನನ್ನು 48 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು, ಭಾನುವಾರ ಮತ್ತು ರಜಾದಿನಗಳನ್ನು ಬಿಟ್ಟು. ಹತ್ತು ನ್ಯಾಯಾಲಯ-ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆದು, ಮೊಕದ್ದಮೆಯಲ್ಲಿ ಹುರುಳಿದೆಯೇ ಎಂದು ನ್ಯಾಯಾಧೀಶರು ನೋಡುತ್ತಾರೆ. ಅನಂತರ ಆರೋಪಿ ತನ್ನ ಹಕ್ಕನ್ನು ಬಿಟ್ಟುಕೊಡದಿದ್ದರೆ 60 ದಿನದೊಳಗೆ ಪೂರ್ಣ ವಿಚಾರಣೆ. ವಾಯಿದೆಯ ಮೇಲೆ ವಾಯಿದೆ ಬೀಳುವುದನ್ನು ನೋಡಿ ಬಂದ ನನಗೆ ಈ ಗಡಿಯಾರದ ಓಟ ಮೊದಮೊದಲು ಹಿತವಾಗಿತ್ತು. ಆದರೆ ಅದೇ ಓಟದಲ್ಲಿ ನನ್ನ ಜೀವನದ ದೊಡ್ಡ ತಪ್ಪೂ ನಡೆಯಿತು.

1994ರಲ್ಲಿ ಈ ರಾಜ್ಯ 'ಮೂರು ಏಟಿನ' ಕಾನೂನು ತಂದಿತ್ತು. ಹಿಂದೆ ಎರಡು ಗಂಭೀರ ಅಥವಾ ಹಿಂಸಾತ್ಮಕ ಅಪರಾಧಗಳಿಗೆ ಶಿಕ್ಷೆಯಾದವನು ಮೂರನೆಯ ಸಲ ಯಾವುದೇ ದೊಡ್ಡ ಅಪರಾಧಕ್ಕೆ ಸಿಕ್ಕಿಬಿದ್ದರೆ 25 ವರ್ಷದಿಂದ ಜೀವಾವಧಿಯವರೆಗೆ ಸೆರೆ. ಆ ಮೂರನೆಯದು ಕಾನೂನು 'ಗಂಭೀರ' ಎಂದು ಪಟ್ಟಿಮಾಡಿದ ಅಪರಾಧವೇ ಆಗಿರಬೇಕೆಂದೇನೂ ಇರಲಿಲ್ಲ. ಮೂರು ಗಾಲ್ಫ್ ಕೋಲು ಕದ್ದವನಿಗೆ ಬಿದ್ದ ಅಂಥ ಶಿಕ್ಷೆಯನ್ನು 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. 2001ರಲ್ಲಿ ನನ್ನ ಮೇಜಿಗೆ ಮೂವತ್ತು ವರ್ಷದ ಒಬ್ಬ ಮನುಷ್ಯನ ಕಡತ ಬಂತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಎರಡು ಮನೆಗಳಿಗೆ ಕನ್ನ ಹಾಕಿದ್ದ. ಯಾರಿಗೂ ಪೆಟ್ಟಾಗಿರಲಿಲ್ಲ, ಆದರೆ ಕಾನೂನಿನ ಲೆಕ್ಕದಲ್ಲಿ ಅವು ಎರಡು ಏಟು. ಮೂರನೆಯದು ಕದ್ದ ಪಿಕಪ್ ಟ್ರಕ್ ಓಡಿಸಿದ್ದು. ಹಳೆಯ ಏಟೊಂದನ್ನು ಲೆಕ್ಕದಿಂದ ಬಿಡುವ ಅಧಿಕಾರ ನ್ಯಾಯಾಧೀಶರಿಗಿದೆ ಎಂದು ರಾಜ್ಯದ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿತ್ತು. ಹಾಗೆ ಬಿಡಿ ಎಂದು ಅಭಿಯೋಜಕಿಯಾದ ನಾನೂ ಕೇಳಬಹುದಿತ್ತು. ನಾನು ಕೇಳಲಿಲ್ಲ. ಆರೋಪಿ ಪರ ವಕೀಲರು ಕೇಳಿದಾಗ ಲಿಖಿತವಾಗಿ ವಿರೋಧಿಸಿದೆ. ಜ್ಯೂರಿ ನಲವತ್ತು ನಿಮಿಷದಲ್ಲಿ ತಪ್ಪಿತಸ್ಥನೆಂದಿತು, ನ್ಯಾಯಾಧೀಶರು ನನ್ನ ಮಾತನ್ನು ಒಪ್ಪಿದರು, ನಾನು ಮುಂದಿನ ಕಡತಕ್ಕೆ ಹೋದೆ.

2012ರ ನವೆಂಬರಿನಲ್ಲಿ ಮತದಾರರು ಆ ಕಾನೂನನ್ನು ತಿದ್ದಿದರು: ಮೂರನೆಯ ಅಪರಾಧವೂ ಗಂಭೀರ ಅಥವಾ ಹಿಂಸಾತ್ಮಕವಾಗಿರಬೇಕು, ಹಾಗಿಲ್ಲದೆ ಆಗಲೇ ಒಳಗಿರುವವರು ಶಿಕ್ಷೆಯ ಮರುನಿಗದಿಗೆ ಅರ್ಜಿ ಹಾಕಬಹುದು. 2013ರಲ್ಲಿ ಅದೇ ಮನುಷ್ಯನ ಅರ್ಜಿ ನಮ್ಮ ಕಚೇರಿಗೆ ಬಂದು, ಹಳೆಯ ಕಡತದಲ್ಲಿ ನನ್ನ ಹೆಸರಿದ್ದುದರಿಂದ ನನ್ನ ಮೇಜಿಗೇ ತಲುಪಿತು. ಅವನ ಸೆರೆಮನೆಯ ದಾಖಲೆಗಳನ್ನು ಓದುವ ಮೊದಲು ಹನ್ನೆರಡು ವರ್ಷ ಹಿಂದೆ ನಾನು ಬರೆದಿದ್ದ ವಿರೋಧ ಪತ್ರವನ್ನು ಓದಿದೆ. ಅದರಲ್ಲಿ ಅವನನ್ನು ಸಮಾಜದಿಂದ ಬಹುಕಾಲ ದೂರವಿಡಬೇಕಾದ ಕಾರಣಗಳನ್ನು ವಿವರಿಸುವ ಒಂದು ಉದ್ದನೆಯ ಪ್ಯಾರಾ ಇತ್ತು. ಎಲ್ಲೋ ಓದಿದಂತಿದೆಯಲ್ಲ ಎನಿಸಿ ಆ ವರ್ಷದ ನನ್ನ ಇತರ ಪತ್ರಗಳನ್ನು ತೆಗೆಸಿ ನೋಡಿದರೆ, ಇನ್ನೂ ನಾಲ್ವರ ವಿರುದ್ಧ ಅದೇ ಪ್ಯಾರಾ, ಹೆಸರು ಮಾತ್ರ ಬೇರೆ. ಒಬ್ಬ ಮನುಷ್ಯನ 25 ವರ್ಷಗಳನ್ನು ಕೇಳುವಾಗ ನಾನು ಹೊಸದಾಗಿ ಒಂದು ವಾಕ್ಯವನ್ನೂ ಬರೆದಿರಲಿಲ್ಲ. ಅಂದು ಸಂಜೆ ಮನೆಗೆ ಹೋಗಿ ಊಟ ಮಾಡಲಾಗಲಿಲ್ಲ. ಅಮ್ಮ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಇದ್ದಿದ್ದರೆ ಫೋನ್ ಮಾಡಿ ಹೇಳುತ್ತಿದ್ದೆ.

ಅರ್ಜಿಯನ್ನು ವಿರೋಧಿಸುವುದಿಲ್ಲ ಎಂದು ಬರೆದುಕೊಟ್ಟೆ. ಈ ಸಲ ಎರಡೂವರೆ ಪುಟ, ಪೂರ್ತಿ ಅವನ ಬಗೆಗೇ. ಜೈಲಿನಲ್ಲಿ ಬೆಸುಗೆ ಕೆಲಸ ಕಲಿತಿದ್ದ, ಹೈಸ್ಕೂಲಿಗೆ ಸಮನಾದ ಪರೀಕ್ಷೆ ಮುಗಿಸಿದ್ದ, ಏಳು ವರ್ಷದಿಂದ ಒಂದೂ ಶಿಸ್ತುಕ್ರಮ ಇರಲಿಲ್ಲ. ನ್ಯಾಯಾಧೀಶರು ಕಳೆದ ಅವಧಿಯನ್ನೇ ಶಿಕ್ಷೆಯೆಂದು ಪರಿಗಣಿಸಿ ಬಿಡುಗಡೆಗೆ ಆದೇಶಿಸಿದರು. ವಕೀಲರಿರುವ ಆರೋಪಿಯೊಂದಿಗೆ ಅಭಿಯೋಜಕರು ನೇರವಾಗಿ ಮಾತಾಡುವಂತಿಲ್ಲ. ಹಾಗಾಗಿ ನಾನು ಅವನಿಗೆ ಏನನ್ನೂ ಹೇಳಲಿಲ್ಲ.

ನಡುವೆ 2002ರಿಂದ ಐದು ವರ್ಷ ಕೌಟುಂಬಿಕ ಹಿಂಸೆಯ ವಿಭಾಗದಲ್ಲಿದ್ದೆ. ಶಿವಮೊಗ್ಗದಲ್ಲಿ ಪ್ರತಿಕೂಲ ಸಾಕ್ಷಿಯಾಗುವವರನ್ನು ಕಂಡಿದ್ದ ನನಗೆ ಇಲ್ಲಿ ಹೊಸದಾಗಿ ಕಲಿಯಬೇಕಾದದ್ದು ಕಡಿಮೆಯಿತ್ತು: ರಾತ್ರಿ ಪೊಲೀಸರಿಗೆ ಫೋನ್ ಮಾಡಿದ ಹೆಂಗಸು ಮೂರು ವಾರದ ನಂತರ ಸಾಕ್ಷಿ ಪೀಠದಲ್ಲಿ ಕುಳಿತು, ತಾನೇ ಮೆಟ್ಟಿಲಿನಿಂದ ಜಾರಿ ಬಿದ್ದೆ ಎನ್ನುತ್ತಾಳೆ. ಆಕೆ ಸುಳ್ಳು ಹೇಳುತ್ತಿದ್ದಾಳೆಂದು ಸಿಟ್ಟಾಗುವ ಕಿರಿಯರಿಗೆ, ಆಕೆ ನಾಳೆ ಬೆಳಗ್ಗೆ ಯಾವ ಮನೆಗೆ ಹಿಂತಿರುಗಬೇಕೆಂಬುದನ್ನು ಮೊದಲು ಕೇಳಿ ಎನ್ನುತ್ತಿದ್ದೆ. ಈ ವಿಭಾಗದ ಕೆಲಸ 2004ರ ಮಾರ್ಚಿನಲ್ಲಿ ರಾತ್ರೋರಾತ್ರಿ ಬದಲಾಯಿತು. ಕ್ರಾಫರ್ಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಪಾಟೀಸವಾಲಿಗೆ ಸಿಗದ ವ್ಯಕ್ತಿ ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದಿತು. ಅಲ್ಲಿಯವರೆಗೆ ಹೆಂಗಸು ಬಾರದಿದ್ದರೂ ಆ ರಾತ್ರಿಯ ಅವಳ ಮಾತನ್ನು ಪೊಲೀಸ್ ಅಧಿಕಾರಿಯ ಬಾಯಿಂದ ಹೇಳಿಸುವ ದಾರಿಯಿತ್ತು. ಆ ವಸಂತದಲ್ಲಿ ನನ್ನ ಹನ್ನೊಂದು ಮೊಕದ್ದಮೆಗಳನ್ನು ಕೈಬಿಡಬೇಕಾಯಿತು. ತುರ್ತು ಸಹಾಯ ಕೇಳಿ 911ಕ್ಕೆ ಮಾಡಿದ ಕರೆ ಆ ನಿಷೇಧಕ್ಕೆ ಒಳಪಡುವುದಿಲ್ಲ ಎಂದು 2006ರಲ್ಲಿ ಅದೇ ನ್ಯಾಯಾಲಯ ಹೇಳಿದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು. ಆ ಎರಡು ವರ್ಷಗಳ ಕಷ್ಟದ ನಡುವೆಯೂ ಕ್ರಾಫರ್ಡ್ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ತನ್ನ ಮೇಲೆ ಆರೋಪ ಮಾಡಿದವರನ್ನು ಪ್ರಶ್ನಿಸಲಾಗದ ಮನುಷ್ಯನನ್ನು ಸೆರೆಗೆ ಕಳಿಸುವುದು ನನ್ನ ಸೀನಿಯರ್ ಕಲಿಸಿದ ವಿದ್ಯೆಗೆ ಒಗ್ಗುವಂಥದ್ದಲ್ಲ.

2007ರಿಂದ ಕೊಲೆ ಮೊಕದ್ದಮೆಗಳು. ಸರದಿಯ ವಾರದಲ್ಲಿ ಫೋನ್ ತಲೆದಿಂಬಿನ ಬಳಿಯೇ ಇರುತ್ತಿತ್ತು. ರಾತ್ರಿ ಎರಡಕ್ಕೆ ಡಿಟೆಕ್ಟಿವ್ ಕರೆದರೆ ಎದ್ದು ಹೊರಡಬೇಕು, ಜನವರಿಯ ಮಂಜಿನಲ್ಲಿ ಹೆದ್ದಾರಿಯ ಬಿಳಿಗೆರೆಯೊಂದನ್ನೇ ನೋಡಿಕೊಂಡು ಕಾರು ಓಡಿಸಬೇಕು. ಸ್ಥಳದಲ್ಲಿ ಅಭಿಯೋಜಕಿಗೆ ಮಾಡಲು ಕೆಲಸವೇನೂ ಇರುವುದಿಲ್ಲ; ಶೋಧನಾ ವಾರಂಟಿನ ಬಗ್ಗೆ ಕೇಳಿದರೆ ಹೇಳಬೇಕು, ಉಳಿದಂತೆ ಕೈ ಜೇಬಿನಲ್ಲಿಟ್ಟುಕೊಂಡು ನೋಡಬೇಕು. ಆದರೂ ನಾನು ಒಂದನ್ನೂ ತಪ್ಪಿಸಲಿಲ್ಲ. ಕೋಣೆಯ ಅಳತೆ, ಬೀದಿದೀಪದ ಬೆಳಕು ಎಲ್ಲಿಯವರೆಗೆ ಬೀಳುತ್ತದೆ, ಬಾಗಿಲಿನಲ್ಲಿ ನಿಂತವರಿಗೆ ಎಷ್ಟು ಕಾಣುತ್ತದೆ ಎಂಬುದು ಫೋಟೋಗಳಲ್ಲಿ ತಿಳಿಯುವುದಿಲ್ಲ.

2011ರ ಚಳಿಗಾಲದಲ್ಲಿ ಒಂದು ಅಂಗಡಿಯ ಹಿಂದಿನ ವಾಹನ ನಿಲುಗಡೆಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗನನ್ನು ಗುಂಡಿಟ್ಟು ಕೊಂದರು. ಬಾದಾಮಿ ಸುಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ; ತಾಯಿ ಮೆಕ್ಸಿಕೋದಿಂದ ಬಂದವರು, ದ್ರಾಕ್ಷಿ ತೋಟದ ಕೂಲಿ. ಹತ್ತು ದಿನದಲ್ಲಿ ಒಬ್ಬನ ಬಂಧನವಾಯಿತು. ಎದುರು ಮನೆಯ ಕಿಟಕಿಯಿಂದ ನೋಡಿದ ಒಬ್ಬ ಹೆಂಗಸು ಫೋಟೋಗಳಲ್ಲಿ ಅವನನ್ನು ಗುರುತಿಸಿದ್ದರು, ಅವನಿಗೂ ಸತ್ತವನಿಗೂ ಹಿಂದೆ ಜಗಳವಾಗಿತ್ತು. ಪ್ರಾಥಮಿಕ ವಿಚಾರಣೆಯಲ್ಲಿ ನ್ಯಾಯಾಧೀಶರು ಸಾಕಷ್ಟು ಆಧಾರವಿದೆಯೆಂದರು. ಆರೋಪಿ ಎಂಟು ತಿಂಗಳು ಕೌಂಟಿ ಜೈಲಿನಲ್ಲಿದ್ದ.

ಜ್ಯೂರಿ ಆಯ್ಕೆಗೆ ಐದು ವಾರವಿರುವಾಗ, ವಿಚಾರಣೆಗೆ ಮೂವತ್ತು ದಿನ ಮುಂಚೆ ಆರೋಪಿಯ ಕಡೆಗೆ ಎಲ್ಲ ಕಾಗದಗಳನ್ನೂ ಒಪ್ಪಿಸಬೇಕೆಂಬ ನಿಯಮದಂತೆ, ನಾನು ಕಡತವನ್ನು ಕೊನೆಯ ಸಲ ಜೋಡಿಸುತ್ತಿದ್ದೆ. ಹಾಳೆ ಎಣಿಸಿದೆ. ಪೊಲೀಸರ ಪೂರಕ ವರದಿಗಳಿಗೆ ಅನುಕ್ರಮ ಸಂಖ್ಯೆ ಇರುತ್ತದೆ. ಹದಿನಾಲ್ಕರಲ್ಲಿ ಒಂಬತ್ತನೆಯದು ಇರಲಿಲ್ಲ. ಫೋನ್ ಮಾಡಿ ಕೇಳಿದಾಗ ಅದು ಸಂಖ್ಯೆಯ ತಪ್ಪಿರಬೇಕು ಎಂಬ ಉತ್ತರ ಬಂತು. ಮತ್ತೆ ಕೇಳಿದೆ. ಮೂರನೆಯ ದಿನ ಎರಡು ಪುಟ ಬಂದವು. ಕೊಲೆಯಾದ ರಾತ್ರಿ ಮನೆ ಮನೆಗೆ ಹೋಗಿ ವಿಚಾರಿಸಿದ್ದ ಗಸ್ತಿನ ಅಧಿಕಾರಿಯೊಬ್ಬರಿಗೆ ಅದೇ ಕಿಟಕಿಯ ಹೆಂಗಸು, ತನಗೆ ಮುಖ ಕಾಣಲಿಲ್ಲ, ಓಡಿದವನು ತನ್ನ ಮಗನಷ್ಟೇ ಎತ್ತರದವನು ಎಂದಿದ್ದರು. ಅವರ ಮಗ ಐದೂವರೆ ಅಡಿಯೂ ಇರಲಿಲ್ಲ. ಆರೋಪಿ ಆರಡಿ ಎರಡಂಗುಲ.

ಆ ಎರಡು ಪುಟಗಳನ್ನು ಯಾರೂ ಬೇಕೆಂದು ಬಚ್ಚಿಟ್ಟರೆಂದು ನಾನು ಹೇಳಲಾರೆ. ಅದು ಬೇರೊಂದು ಮೊಕದ್ದಮೆಯ ಕಡತಕ್ಕೆ ಸೇರಿತ್ತೆಂದರು, ಇರಬಹುದು. ಆದರೆ ಅಮೆರಿಕದ ಸುಪ್ರೀಂ ಕೋರ್ಟಿನ 1963ರ ಬ್ರೇಡಿ ತೀರ್ಪು ಮತ್ತು ಅದನ್ನು ಅನುಸರಿಸಿ ಬಂದ ತೀರ್ಪುಗಳ ಪ್ರಕಾರ ಆರೋಪಿಗೆ ಅನುಕೂಲವಾಗುವ ಮಹತ್ವದ ಸಾಕ್ಷ್ಯವನ್ನು ಅಭಿಯೋಜಕರು ತಾವಾಗಿಯೇ ಕೊಡಬೇಕು, ಮತ್ತು 1995ರ ಇನ್ನೊಂದು ತೀರ್ಪಿನ ಪ್ರಕಾರ ಪೊಲೀಸರ ಬಳಿ ಇರುವುದೂ ಅಭಿಯೋಜಕರ ಬಳಿ ಇದ್ದಂತೆಯೇ ಲೆಕ್ಕ. ಗೊತ್ತಿರಲಿಲ್ಲ ಎಂಬ ನೆಪ ನಡೆಯುವುದಿಲ್ಲ. ಅಂದೇ ಮಧ್ಯಾಹ್ನ ಪ್ರತಿಯನ್ನು ಪಬ್ಲಿಕ್ ಡಿಫೆಂಡರ್ ಕಚೇರಿಗೆ ನಾನೇ ನಡೆದುಕೊಂಡು ಹೋಗಿ ಕೊಟ್ಟು ಸಹಿ ಪಡೆದೆ. ಕಚೇರಿಯ ಒಬ್ಬ ಹಿರಿಯ ಸಹೋದ್ಯೋಗಿ, ಕೊಡುವುದು ಸರಿ, ಆದರೂ ವಿಚಾರಣೆ ನಡೆಸು, ಜ್ಯೂರಿ ತೀರ್ಮಾನಿಸಲಿ ಎಂದರು. ನಾನು ಆ ಹೆಂಗಸಿನ ಕಿಟಕಿಯ ಬಳಿಗೆ ರಾತ್ರಿ ಅದೇ ಹೊತ್ತಿಗೆ ಹೋಗಿ ನಿಂತು ನೋಡಿದೆ. ಆ ದೂರಕ್ಕೆ ನನಗೂ ಮುಖ ಕಾಣಲಿಲ್ಲ. ನನಗೇ ಸಂದೇಹ ಹುಟ್ಟಿದ ಮೇಲೆ, ಸಂದೇಹಕ್ಕೆ ಎಡೆಯಿಲ್ಲವೆಂದು ಹನ್ನೆರಡು ಜನರಿಗೆ ಹೇಳುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಮೇಲಿನವರ ಒಪ್ಪಿಗೆ ಪಡೆದು, ನ್ಯಾಯದ ಹಿತದೃಷ್ಟಿಯಿಂದ ಮೊಕದ್ದಮೆ ವಜಾ ಮಾಡಬೇಕೆಂದು ಅರ್ಜಿ ಹಾಕಿದೆ.

ಅದಕ್ಕೆ ಮೊದಲು ತಾಯಿಗೆ ಹೇಳಬೇಕಿತ್ತು. 2008ರಲ್ಲಿ ರಾಜ್ಯದ ಸಂವಿಧಾನಕ್ಕೆ ಸೇರಿದ ಮಾರ್ಸಿ ಕಾನೂನಿನ ಪ್ರಕಾರ ಅಪರಾಧಕ್ಕೆ ಬಲಿಯಾದವರಿಗೂ ಅವರ ಕುಟುಂಬಕ್ಕೂ ಮೊಕದ್ದಮೆಯ ಆಗುಹೋಗುಗಳನ್ನು ತಿಳಿಯುವ ಹಕ್ಕಿದೆ. ಕಾನೂನು ಇಲ್ಲದಿದ್ದರೂ ಹೇಳುತ್ತಿದ್ದೆ. ಕಚೇರಿಯ ಸಣ್ಣ ಕೋಣೆಯಲ್ಲಿ ಆಕೆ, ಆಕೆಯ ಹಿರಿಮಗಳು, ಸ್ಪ್ಯಾನಿಷ್ ದುಭಾಷಿ, ಸಂತ್ರಸ್ತರ ನೆರವಿನ ಸಿಬ್ಬಂದಿ ಮತ್ತು ನಾನು. ಎರಡು ಪುಟಗಳ ವಿಷಯವನ್ನು ಒಂದೊಂದೇ ವಾಕ್ಯವಾಗಿ ಹೇಳಿ, ದುಭಾಷಿ ಮುಗಿಸುವವರೆಗೆ ಕಾದೆ. ಮಗಳು ಎದ್ದು ಹೊರಗೆ ಹೋದಳು. ತಾಯಿ ಬಹಳ ಹೊತ್ತು ಸುಮ್ಮನಿದ್ದು, ಹಾಗಾದರೆ ಮಗನ ಕೈಗಡಿಯಾರವನ್ನು ಈಗ ಮನೆಗೆ ಕೊಡುತ್ತೀರಾ ಎಂದು ಕೇಳಿದರು. ಅವನು ಮೊದಲ ಸಂಬಳದಲ್ಲಿ ಕೊಂಡದ್ದಂತೆ. ಮೊಕದ್ದಮೆ ಮುಗಿದರೆ ವಸ್ತುಗಳನ್ನು ಹಿಂದಿರುಗಿಸುತ್ತಾರೆಂದು ಯಾರೋ ಹೇಳಿದ್ದರು.

ಕೊಡಲಾಗುವುದಿಲ್ಲ ಎಂದು ಹೇಳಬೇಕಾಯಿತು. ಮೊಕದ್ದಮೆ ಮುಗಿದಿರಲಿಲ್ಲ, ಈ ಆರೋಪಿಯ ಮೇಲಿನದು ಮಾತ್ರ ನಿಂತಿತ್ತು. ಕೊಲೆಗೆ ಕಾಲಮಿತಿಯಿಲ್ಲ, ಕೊಂದವನು ಸಿಗುವವರೆಗೆ ಆ ಗಡಿಯಾರ ಸಾಕ್ಷ್ಯ. ಆರೋಪಿ ಬಿಡುಗಡೆಯಾದ ದಿನದ ನೆನಪಿಗಿಂತ, ಇದನ್ನು ದುಭಾಷಿ ಸ್ಪ್ಯಾನಿಷಿಗೆ ತಿರುಗಿಸುತ್ತಿದ್ದ ಆ ಅರ್ಧ ನಿಮಿಷದ ನೆನಪು ನನ್ನಲ್ಲಿ ಹೆಚ್ಚು ಗಟ್ಟಿಯಾಗಿ ಉಳಿದಿದೆ.

2016ರಿಂದ ಕೊನೆಯವರೆಗೆ ಆರೋಪ ಹೊರಿಸುವ ವಿಭಾಗದ ಮೇಲ್ವಿಚಾರಕಿಯಾಗಿದ್ದೆ. ಪೊಲೀಸರು ತಂದ ಕಾಗದಗಳನ್ನು ಓದಿ ಮೊಕದ್ದಮೆ ಹೂಡಬೇಕೇ ಬೇಡವೇ, ಹೂಡಿದರೆ ಯಾವ ಕಲಮು ಎಂದು ತೀರ್ಮಾನಿಸುವ ಕೆಲಸ. ಅಲ್ಲಿ ಜ್ಯೂರಿಯಿಲ್ಲ, ವಾದವಿಲ್ಲ, ನೋಡುವವರು ಯಾರೂ ಇಲ್ಲ, ಆದರೆ ಅಭಿಯೋಜಕರ ಕೈಯಲ್ಲಿ ಇರುವ ಅಧಿಕಾರದಲ್ಲಿ ಅತ್ಯಂತ ದೊಡ್ಡದು ಅದೇ. 'ಬೇಡ' ಎಂದು ಬರೆದ ಕಡತಗಳು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಕಾನೂನೂ ಆ ವರ್ಷಗಳಲ್ಲಿ ವೇಗವಾಗಿ ಬದಲಾಗುತ್ತಿತ್ತು. 950 ಡಾಲರಿಗಿಂತ ಹೆಚ್ಚಿಲ್ಲದ ಕಳವು 2014ರಲ್ಲೇ ಚಿಕ್ಕ ಅಪರಾಧವಾಗಿತ್ತು. ಕೊಲೆ ಮಾಡದೆ, ಕೊಲ್ಲುವ ಉದ್ದೇಶವೂ ಇಲ್ಲದೆ ದರೋಡೆಯಲ್ಲಿ ಜೊತೆಗಿದ್ದವರನ್ನು ಕೊಲೆಗಾರರೆನ್ನುವ ಹಳೆಯ ನಿಯಮವನ್ನು 2019ರಿಂದ ಬಹಳ ಮಟ್ಟಿಗೆ ಕಿರಿದುಗೊಳಿಸಿದರು. ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನು ಬೇಕೆಂದು ಮುಚ್ಚಿಡುವ ಅಭಿಯೋಜಕರಿಗೇ ಸೆರೆವಾಸ ವಿಧಿಸಬಹುದಾದ ಕಾನೂನು 2017ರಿಂದ ಜಾರಿಯಲ್ಲಿದೆ. ಇವುಗಳಲ್ಲಿ ನನಗೆ ವೈಯಕ್ತಿಕವಾಗಿ ಸಮಾಧಾನ ಕೊಟ್ಟದ್ದು 2022ರಲ್ಲಿ ಜಾರಿಗೆ ಬಂದ ಜ್ಯೂರಿ ಆಯ್ಕೆಯ ನಿಯಮ. ಕಾರಣ ಹೇಳದೆ ಜ್ಯೂರಿಯಿಂದ ಜನರನ್ನು ಕೈಬಿಡುವ ಹಕ್ಕು ಎರಡೂ ಕಡೆಯವರಿಗೆ ಇದೆ. ಆದರೆ ಇಂಗ್ಲಿಷ್ ಅವರ ಮಾತೃಭಾಷೆಯಲ್ಲ, ಪೊಲೀಸರ ಮೇಲೆ ಅವರಿಗೆ ನಂಬಿಕೆಯಿಲ್ಲ ಎಂದು, ಆಕ್ಷೇಪ ಬಂದಾಗ ಕೊಡುವಂಥ ಕಾರಣಗಳನ್ನು ಈಗ ಮೇಲ್ನೋಟಕ್ಕೇ ಅಸಿಂಧುವೆಂದು ಎಣಿಸುತ್ತಾರೆ. ಕೆಲವು ಕಿರಿಯರು ಇದರಿಂದ ಕೆಲಸ ಕಷ್ಟವಾಯಿತೆಂದು ದೂರಿದಾಗ, ಹಾಗಾದರೆ ನಾನು ಜ್ಯೂರಿಯಲ್ಲಿ ಕೂರಲು ಅರ್ಹಳಲ್ಲವೇ ಎಂದು ಕೇಳಿದೆ.

ಹೊಸದಾಗಿ ಸೇರುವವರಿಗೆ ನಾನು ಮೊದಲ ವಾರ ಅರ್ಲ್ ವಾರನ್ ಅವರ ಬಗೆಗೆ ಹೇಳುತ್ತಿದ್ದೆ. ನಮ್ಮ ಕಣಿವೆಯ ದಕ್ಷಿಣ ತುದಿಯ ಬೇಕರ್ಸ್‌ಫೀಲ್ಡಿನಲ್ಲಿ ಬೆಳೆದ ಅವರು 1925ರಿಂದ 1939ರವರೆಗೆ ಅಲಮೀಡಾ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿ. ಅಪರಾಧಿಗಳನ್ನು ಬಿಡದ ಅಭಿಯೋಜಕರೆಂದು ಹೆಸರಾಗಿದ್ದವರು. 1938ರಲ್ಲಿ ಬೇಕರ್ಸ್‌ಫೀಲ್ಡಿನ ಮನೆಯಲ್ಲಿ ಅವರ ತಂದೆಯನ್ನು ಯಾರೋ ಹೊಡೆದು ಕೊಂದರು. ಕೊಂದವರು ಯಾರೆಂದು ಕೊನೆಗೂ ಪತ್ತೆಯಾಗಲಿಲ್ಲ. 1953ರಲ್ಲಿ ಅವರು ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾದರು, ಮತ್ತು ಬಡ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕೆಂಬ ಗಿಡಿಯನ್ ತೀರ್ಪೂ ನಾನು ಆ ಎರಡು ಪುಟಗಳನ್ನು ಕೊಡಲು ಕಾರಣವಾದ ಬ್ರೇಡಿ ತೀರ್ಪೂ ಬಂದದ್ದು ಅವರು ಪೀಠದಲ್ಲಿದ್ದಾಗ, ಒಂದೇ ವರ್ಷದಲ್ಲಿ. ಇದನ್ನು ಹೇಳಿ ಮುಗಿಸಿ, ಹೊಸಬರ ಮೇಜಿನ ಮೇಲೆ ಒಂದೊಂದು ಕಡತವಿಟ್ಟು, ಓದುವ ಮುಂಚೆ ಹಾಳೆ ಎಣಿಸಲು ಹೇಳುತ್ತಿದ್ದೆ. ಒಂದು ಹಾಳೆಯನ್ನು ನಾನೇ ತೆಗೆದಿಟ್ಟುಕೊಂಡಿರುತ್ತಿದ್ದೆ.

2024ರ ಜೂನ್‌ನಲ್ಲಿ ನಿವೃತ್ತಳಾದೆ. ಕೊನೆಯ ವಾರ ಬಗೆಹರಿಯದ ಕೊಲೆಗಳ ಕಡತಗಳನ್ನು ನನ್ನ ಜಾಗಕ್ಕೆ ಬಂದ ಡೆಪ್ಯುಟಿಗೆ ಒಪ್ಪಿಸುವಾಗ, 2011ರ ಆ ಕಡತದ ಜೊತೆಗಿರುವ ವಸ್ತುಗಳ ಪಟ್ಟಿಯನ್ನು ಇಬ್ಬರೂ ಕೂಡಿ ಸಾಕ್ಷ್ಯದ ಕೋಣೆಗೆ ಹೋಗಿ ತಾಳೆ ನೋಡಿದೆವು. ಹದಿನೇಳನೆಯ ವಸ್ತು: ಉಕ್ಕಿನ ಪಟ್ಟಿಯ ಕೈಗಡಿಯಾರ ಒಂದು. ಮೊಹರು ಹಾಕಿದ ಕಾಗದದ ಚೀಲದ ಮೇಲೆ ಹಿಂದೆ ತಪಾಸಣೆ ಮಾಡಿದವರ ಸಹಿಗಳಿದ್ದವು, ಅವುಗಳಲ್ಲಿ ನನ್ನವೂ ನಾಲ್ಕು. ತಾಯಿಯ ಹೊಸ ಫೋನ್ ನಂಬರನ್ನು ಕಡತದ ಮೊದಲ ಹಾಳೆಯ ಮೇಲೆ ಬರೆದು, ಅದರ ಕೆಳಗೆ ಸ್ಪ್ಯಾನಿಷ್ ದುಭಾಷಿ ಬೇಕಾಗುತ್ತದೆ ಎಂದು ಸೇರಿಸಿ ಕೊಟ್ಟೆ.